ಫೋನಿನಲ್ಲಿ ಕೇಳಿಸದ ನಾಲ್ಕು ತಂತಿ

ಈ ಲೇಖನವನ್ನು ನೀವು ಬಹುಶಃ ಫೋನಿನಲ್ಲೇ ಓದ್ತಾ ಇದ್ದೀರಿ. ಹಾಗಿದ್ದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ನುಡಿಸೋದನ್ನು ರೆಕಾರ್ಡ್ ಮಾಡಿ ಇದೇ ಫೋನಿಗೆ ಕಳಿಸಿದರೆ ನಿಮಗೆ ಹೆಚ್ಚೇನೂ ಕೇಳಿಸೋದಿಲ್ಲ. ಫೋನ್ ಕೆಟ್ಟಿಲ್ಲ, ನಿಮ್ಮ ಕಿವಿಯೂ ಸರಿಯಾಗೇ ಇದೆ. ನಾನು ನುಡಿಸೋದು ಬೇಸ್ ಗಿಟಾರ್, ಅಷ್ಟೇ.

ಬೇಸ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಮನುಷ್ಯನ ಕಿವಿಗೆ ಕೇಳಿಸುವ ಕೆಳಗಿನ ಮಿತಿಯೇ 20ರ ಆಸುಪಾಸು. ಅಷ್ಟು ಕೆಳಗಿನ ಸ್ವರ ಹೊರಡಿಸಬೇಕಾದರೆ ಸ್ಪೀಕರ್ ಬಹಳ ಗಾಳಿಯನ್ನು ತಳ್ಳಬೇಕು. ಫೋನಿನ ಅಂಚಿನಲ್ಲಿ ಕೂತಿರುವ ಉಗುರಿನಷ್ಟು ಸ್ಪೀಕರ್‌ಗೆ ಅದೆಲ್ಲಿ ಸಾಧ್ಯ? ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸಣ್ಣ ಸ್ವರಗಳನ್ನಷ್ಟೇ ಅದು ಕೊಡುತ್ತೆ. ತಮಾಷೆ ಏನಂದರೆ, ಅವನ್ನು ಕೇಳಿದ ಮಿದುಳು ‘ಇದರ ಕೆಳಗೊಂದು ದಪ್ಪ ಸ್ವರ ಇರಲೇಬೇಕು’ ಅಂತ ತಾನೇ ಊಹಿಸಿ ತುಂಬಿಕೊಳ್ಳುತ್ತೆ. ಹಾಗಾಗಿ ನಾನು ಪೂರ್ತಿ ಮಾಯವಾಗಲ್ಲ. ಇದ್ದೂ ಇಲ್ಲದ ಹಾಗೆ ಇರ್ತೀನಿ.

ಇದನ್ನೆಲ್ಲ ಅಮ್ಮನಿಗೆ ಹೇಳಿ ಸಾಕಾಗಿದೆ. ಅವಳು ಇರೋದು ತಿಪಟೂರಿನಲ್ಲಿ. ವಾಟ್ಸಾಪ್‌ನಲ್ಲಿ ನಮ್ಮ ತಂಡದ ವಿಡಿಯೋ ಕಳಿಸಿದಾಗೆಲ್ಲ ಬರೋದು ಒಂದೇ ಉತ್ತರ: “ಆ ಹುಡುಗ ಎಷ್ಟು ಚೆನ್ನಾಗಿ ಹಾಡ್ತಾನೆ ಕಣೇ! ಅದ್ಸರಿ, ನೀನು ಯಾಕೆ ಸುಮ್ನೆ ಬೆರಳಾಡಿಸ್ಕೊಂಡು ನಿಂತಿದೀಯ?”

ಆಫೀಸಿನಲ್ಲೂ ಇದೇ ಕಥೆ. ಸಂಗೀತದ ಹವ್ಯಾಸ ಅಂದ ತಕ್ಷಣ “ಚಾನೆಲ್ ಇದ್ಯಾ? ರೀಲ್ಸ್ ಹಾಕ್ತೀರಾ?” ಅಂತಾರೆ. ಇಲ್ಲ. ಹಾಕಿದ್ದರೂ ನಿಮಗೆ ಕೇಳಿಸ್ತಿರಲಿಲ್ಲ.

ಬೇಸ್ ನುಡಿಸಬೇಕು ಅಂತಲೇ ಕನಸು ಕಂಡು ಬಂದವರು ಕಡಿಮೆ ಅಂತ ನನ್ನ ಅನಿಸಿಕೆ. ಬಹಳ ಜನ ಬೇರೆ ಜಾಗ ಖಾಲಿ ಇಲ್ಲದೆ ಬಂದವರು. ಪಾಲ್ ಮೆಕಾರ್ಟ್ನಿಯೇ ಹಾಗೆ. 1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ಬಿಟ್ಟಾಗ ಬೇಸ್ ಹಿಡಿಯೋಕೆ ಉಳಿದವರು ಯಾರೂ ತಯಾರಿರಲಿಲ್ಲ, ಇವರ ಕೊರಳಿಗೆ ಬಿತ್ತು. ಅಮೆರಿಕದ ಕ್ಯಾರೊಲ್ ಕೇ ಮೊದಲು ಗಿಟಾರ್ ನುಡಿಸ್ತಿದ್ದವರು. 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬೇಸಿನವರು ಬರಲಿಲ್ಲ ಅಂತ ಅದನ್ನು ಕೈಗೆತ್ತಿಕೊಂಡರು. ಆಮೇಲೆ ಅವರು ಬೇಸ್ ನುಡಿಸಿದ ಹಾಡುಗಳಿಗೆ ಲೆಕ್ಕವೇ ಇಲ್ಲ.

ನನ್ನದೂ ಅದೇ ಜಾತಿಯ ಕಥೆ. ನನಗಾಗ 27. ಆಫೀಸಿನ ವಾರ್ಷಿಕೋತ್ಸವಕ್ಕೆ ತಂಡ ಕಟ್ಟೋಣ ಅಂತ ಕೂತಾಗ ಗಿಟಾರಿನವರು ಆಗಲೇ ಇಬ್ಬರಿದ್ದರು, ಡ್ರಮ್ಸ್‌ಗೆ ಒಬ್ಬ, ಹಾಡೋಕೆ ಒಬ್ಬ. “ಬೇಸ್ ತಗೋ, ನಾಲ್ಕೇ ತಂತಿ, ನಿನಗೆ ಸುಲಭ” ಅಂದರು. ಸೆಕೆಂಡ್ ಹ್ಯಾಂಡ್ ಒಂದನ್ನು ಕೊಂಡು ಮನೆಗೆ ತಂದ ಮೇಲೆ ಗೊತ್ತಾಯ್ತು, ಸುಲಭ ಅಂದವರು ಯಾರೂ ಅದನ್ನು ಮುಟ್ಟಿ ನೋಡಿರಲಿಲ್ಲ. ತಂತಿ ಮಿಡಿಯುವ ಉದ್ದವೇ 34 ಇಂಚು. ಮಾಮೂಲಿ ಗಿಟಾರಿನದ್ದು 25ರ ಹತ್ತಿರ. ಕೆಳಗಿನ ಮನೆಗಳಲ್ಲಿ ಒಂದು ಬೆರಳಿಂದ ಇನ್ನೊಂದಕ್ಕೆ ಹೋಗೋದು ಅಂದರೆ ಒಂದು ಗಲ್ಲಿಯಿಂದ ಇನ್ನೊಂದು ಗಲ್ಲಿಗೆ ಹೋದ ಹಾಗೆ. ಮೊದಲ ತಿಂಗಳು ಬೆರಳ ತುದಿಯಲ್ಲಿ ಬೊಬ್ಬೆ, ಎರಡನೇ ತಿಂಗಳು ಅದೇ ಜಾಗದಲ್ಲಿ ಜಡ್ಡು. ಜಡ್ಡು ಬಂದದ್ದೇ ತಡ, ಆಫೀಸಿನ ಬಯೋಮೆಟ್ರಿಕ್ ಯಂತ್ರ ನನ್ನನ್ನು ಗುರುತಿಸೋದನ್ನೇ ಬಿಟ್ಟಿತು. ಬೆರಳು ಒತ್ತಿದರೆ ‘ಮತ್ತೆ ಪ್ರಯತ್ನಿಸಿ’. ಮೂರು ದಿನ ಹಾಜರಿ ಇಲ್ಲ ಅಂತ ಬಂದ ಈಮೇಲ್‌ಗೆ ಕಾರಣ ಬರೆಯುವಾಗ ‘ಬೇಸ್ ಗಿಟಾರ್’ ಅಂತ ಹಾಕಿದ ಉದ್ಯೋಗಿ ನಾನೊಬ್ಬಳೇ ಇರಬೇಕು. ಕೊನೆಗೆ ಹೆಬ್ಬೆರಳನ್ನು ನೋಂದಾಯಿಸಿಕೊಟ್ಟರು.

ಹೊರಗೆ ಹೊತ್ತೊಯ್ಯೋದು ಇನ್ನೊಂದು ಅಧ್ಯಾಯ. ನಾಲ್ಕಡಿ ಉದ್ದದ ಚೀಲ, ಒಳಗೆ ನಾಲ್ಕು ಕೆಜಿ ಮರ. ಸ್ಕೂಟರಿನಲ್ಲಿ ಬೆನ್ನಿಗೆ ಹಾಕಿಕೊಂಡರೆ ಅದರ ತಲೆ ನನ್ನ ಹೆಲ್ಮೆಟ್‌ಗಿಂತ ಎತ್ತರ. ಬೇಸ್‌ಮೆಂಟ್ ಪಾರ್ಕಿಂಗ್ ಬಂದಾಗೆಲ್ಲ ಬಗ್ಗಿ ನಮಸ್ಕಾರ ಮಾಡಿಕೊಂಡೇ ಒಳಗೆ ಹೋಗಬೇಕು. ಆಟೋದವರು “ವೀಣೆನಾ ಮೇಡಂ?” ಅಂತಾರೆ. ಹೌದು ಅಂದುಬಿಟ್ಟರೆ ಗುಂಡಿಗಳಲ್ಲಿ ನಿಧಾನವಾಗಿ ಓಡಿಸ್ತಾರೆ, ಅದು ನಾನು ಕಂಡುಕೊಂಡ ಸತ್ಯ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಒಮ್ಮೆ ಚೀಲದಿಂದ ಹೊರಗಿದ್ದಾಗ ನೋಡಿ, “ಎರಡು ತಂತಿ ಕಿತ್ತೋಗಿದ್ಯಲ್ಲ ಮೇಡಂ, ಹಾಕಿಸ್ಬಾರ್ದಾ?” ಅಂದರು. ಬೇಂದ್ರೆಯವರ ‘ನಾಕುತಂತಿ’ಗೆ 1973ರ ಜ್ಞಾನಪೀಠ ಬಂದಿದೆ, ನಾಲ್ಕು ತಂತಿ ಕಡಿಮೆ ಅನ್ನೋ ಹಾಗಿಲ್ಲ ಅಂದೆ. ಧಾರವಾಡದ ಕಡೆಯವರು, ಖುಷಿಯಾಗಿ ಲಿಫ್ಟ್ ತನಕ ಚೀಲ ಹೊತ್ತು ತಂದರು.

ಮನೆಯಲ್ಲಿ ಪ್ರಾಕ್ಟೀಸ್ ಮಾಡೋದರಲ್ಲಿ ಇರುವ ತೊಂದರೆ ಪೂರ್ತಿ ಭೌತಶಾಸ್ತ್ರದ್ದು. ಆ ದಪ್ಪ ತಂತಿಯ ಒಂದು ಅಲೆಯ ಉದ್ದ 8 ಮೀಟರಿಗೂ ಜಾಸ್ತಿ. ನನ್ನ ಕೋಣೆ ಹತ್ತಕ್ಕೆ ಹನ್ನೆರಡು ಅಡಿ. ಅಲೆ ಕೋಣೆಗಿಂತ ದೊಡ್ಡದು! ಹಾಗಾಗಿ ಮೂಲೆಯಲ್ಲಿ ನಿಂತರೆ ಎದೆಗೆ ಗುದ್ದುತ್ತೆ, ನಡುಮಧ್ಯೆ ನಿಂತರೆ ಕೆಲವು ಸ್ವರ ಸತ್ತೇಹೋಗುತ್ತೆ. ಇನ್ನು ಗೋಡೆ, ನೆಲ? ಸಣ್ಣ ಸ್ವರಗಳನ್ನು ಅವು ತಕ್ಕಮಟ್ಟಿಗೆ ತಡೀತವೆ, ದಪ್ಪ ಸ್ವರ ನುಗ್ಗಿ ಹೋಗುತ್ತೆ. ಪಕ್ಕದ ಬೀದಿಯ ಗಣೇಶನ ಪೆಂಡಾಲಿನಿಂದ ನಿಮ್ಮ ಮನೆಗೆ ಹಾಡು ಬಾರದೆ ಬರೀ ‘ಧುಂ ಧುಂ’ ಬರೋದು ಇದಕ್ಕೇ.

ಕೆಳಗಿನ ಮನೆಯ ಆಂಟಿ ಎರಡನೇ ವಾರವೇ ಬಾಗಿಲು ತಟ್ಟಿದರು. “ಏನಮ್ಮಾ, ಸಂಜೆಯಾದ್ರೆ ಅವಲಕ್ಕಿ ಕುಟ್ತೀರಾ? ನಮ್ಮ ಷೋಕೇಸಿನ ಲೋಟಗಳೆಲ್ಲ ಮಾತಾಡ್ತವೆ.” ಒಳಗೆ ಕರೆದು, ಕಾಫಿ ಕೊಟ್ಟು, ವಾದ್ಯ ತೋರಿಸಿದೆ. ಆರೂವರೆಯಿಂದ ಏಳೂಕಾಲು ಅಂತ ಒಪ್ಪಂದವಾಯ್ತು. ಅದರಾಚೆಗೆ ಹೆಡ್‌ಫೋನ್.

ಆದರೆ ಆ ಮುಕ್ಕಾಲು ಗಂಟೆಯಲ್ಲಿ ಏನಾಗ್ತಿತ್ತು ನೋಡಿ. ಹಾಡು ನನ್ನ ಕಿವಿಯ ಇಯರ್‌ಫೋನಿನಲ್ಲಿ. ನೆಲದ ಮೂಲಕ ಇಳಿದು ಆಂಟಿಗೆ ತಲುಪೋದು ಬರೀ ಬೇಸ್. ಒಂದೆರಡು ತಿಂಗಳ ನಂತರ ಲಿಫ್ಟಿನಲ್ಲಿ ಸಿಕ್ಕಿದಾಗ ಅವರು ಕೇಳಿದರು: “ನಿನ್ನೆ ಒಂದು ಕಡೆ ಬಂದು ಬಂದು ನಿಲ್ತಿದ್ದೆ, ಇವತ್ತು ಸಲೀಸಾಗಿ ಹೋಯ್ತಲ್ಲ. ಯಾವ ಹಾಡಮ್ಮಾ ಅದು?” ಇಡೀ ಬೆಂಗಳೂರಿನಲ್ಲಿ ನನ್ನ ಪಾಲನ್ನಷ್ಟೇ ಬಿಡಿಸಿ ಕೇಳುತ್ತಿದ್ದ ಏಕೈಕ ಶ್ರೋತೃ ಅವರು.

ಅದು ‘ಗೀತಾ’ ಚಿತ್ರದ ಹಾಡು. ಶಂಕರ್‌ನಾಗ್ ನಿರ್ದೇಶನ, 1981, ಸಂಗೀತ ಇಳಯರಾಜ. ಆ ಹಾಡುಗಳನ್ನು ಚಿಕ್ಕಂದಿನಿಂದ ರೇಡಿಯೋದಲ್ಲಿ, ಬಸ್ಸಿನಲ್ಲಿ ಎಷ್ಟು ಸಲ ಕೇಳಿಲ್ಲ ನಾವು? ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಹಾಡುವವರನ್ನು ಬೇಕಂತಲೇ ಕಿವಿಯಿಂದ ಆಚೆ ಸರಿಸಿ, ಕೆಳಗೆ ಏನು ನಡೀತಿದೆ ಅಂತ ಒಮ್ಮೆ ಕೇಳಿ. ಅಲ್ಲಿ ಇನ್ನೊಂದು ಹಾಡೇ ಇದೆ. ಹೆಚ್ಚಿನ ಸಿನಿಮಾ ಹಾಡುಗಳಲ್ಲಿ ಬೇಸ್ ಸುಮ್ಮನೆ ಮೂಲ ಸ್ವರ ಹಿಡಿದು ನಡೆದರೆ, ಇಳಯರಾಜರಲ್ಲಿ ಅದು ತನ್ನದೇ ದಾರಿಯಲ್ಲಿ ಹೋಗಿ, ಸರಿಯಾದ ತಿರುವಿನಲ್ಲಿ ಹಾಡನ್ನು ಕೂಡಿಕೊಳ್ಳುತ್ತೆ. ‘ಪಲ್ಲವಿ ಅನುಪಲ್ಲವಿ’ಯನ್ನೂ ಹೀಗೇ ಕೇಳಿ ನೋಡಿ. ನನ್ನ ಪಾಲಿಗೆ ಬೇಸ್ ಕಲಿತದ್ದರ ಅತಿ ದೊಡ್ಡ ಲಾಭ ಇದೇ: ಗೊತ್ತಿದ್ದ ಹಾಡುಗಳೆಲ್ಲ ಇನ್ನೊಮ್ಮೆ ಹೊಸದಾಗಿ ಸಿಕ್ಕವು. ಮೆಟ್ರೋದಲ್ಲಿ ಮೆಜೆಸ್ಟಿಕ್ ಬಂದದ್ದೂ ಗೊತ್ತಾಗದ ಹಾಗೆ ಕೂತಿದ್ದೇನೆ.

ಇನ್ನೊಂದು ಸುಖ ಶನಿವಾರದ್ದು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜಾಮಿಂಗ್ ರೂಮಿನಲ್ಲಿ ನಾವು ಐವರು. ಡ್ರಮ್ಸ್‌ನವನ ಕಾಲಿನ ಪೆಟ್ಟು ಮತ್ತು ನನ್ನ ಬೆರಳು ಒಂದೇ ಕ್ಷಣಕ್ಕೆ ಬಿದ್ದರೆ, ಅವೆರಡು ಸದ್ದು ಎರಡಾಗಿ ಕೇಳಿಸೋದಿಲ್ಲ. ಬೇರೆಯೇ ಒಂದು ವಾದ್ಯ ಹುಟ್ಟಿದ ಹಾಗಿರುತ್ತೆ. ಇದನ್ನು ನಮ್ಮವರಿಗೆ ವಿವರಿಸೋದು ಕಷ್ಟವಲ್ಲ. ಮೃದಂಗದ ಎಡಗಡೆಗೆ ಕಛೇರಿಗೆ ಮುಂಚೆ ನೆನೆಸಿದ ರವೆಯ ಮುದ್ದೆ ಅಂಟಿಸ್ತಾರಲ್ಲ, ಯಾಕೆ? ಆ ಗುಂಕಾರಕ್ಕೆ. ಬಲಗೈಯ ನುಡಿಗಳಿಗೆ ತಲೆದೂಗ್ತೀವಿ, ಎಡಗಡೆಯದ್ದು ನಮ್ಮನ್ನು ತೂಗ್ತಾ ಇರುತ್ತೆ.

ಹೆಸರು ಸಿಗೋದಿಲ್ಲ, ನಿಜ. ಮೋಟೌನ್ ಕಂಪನಿಯ ಅರವತ್ತರ ದಶಕದ ಎಷ್ಟೋ ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದ್ದು ಜೇಮ್ಸ್ ಜೇಮರ್ಸನ್, ಅದೂ ಬಲಗೈಯ ಒಂದೇ ತೋರುಬೆರಳಿನಲ್ಲಿ. ಅಲ್ಲಿಯ ವಾದ್ಯಗಾರರ ಹೆಸರು ರೆಕಾರ್ಡಿನ ಹೊದಿಕೆಯ ಮೇಲೆ ಬರೋಕೆ 1971ರ ತನಕ ಕಾಯಬೇಕಾಯ್ತು. ಈಗ ಮುಂಬೈಯ ಮೋಹಿನಿ ಡೇ ಅಂಥವರು ಬೇಸ್ ಹಿಡಿದು ವೇದಿಕೆಯ ಮುಂದೆಯೇ ನಿಲ್ತಾರೆ. ಬೇಸ್ ತಗೊಂಡ ಹುಡುಗಿಯರಿಗೆ “ಇದು ನಿಮ್ಮ ಕೈಲಾಗುತ್ತಾ?” ಅನ್ನುವ ಅಂಗಡಿಯವರಿಗೆ ಅವರ ಒಂದು ವಿಡಿಯೋ ತೋರಿಸಿದರೆ ಸಾಕು. ಹೆಡ್‌ಫೋನ್ ಹಾಕಿಸಿ ತೋರಿಸಿ, ಅಷ್ಟೇ.

ನಡುವೆ ಮಣಿಕಟ್ಟು ನೋವು ಬಂತು. ಹಗಲೆಲ್ಲ ಕೀಬೋರ್ಡ್, ಸಂಜೆ ಬೇಸ್. ಫಿಸಿಯೋಥೆರಪಿಸ್ಟ್ ಎರಡರಲ್ಲಿ ಒಂದಕ್ಕೆ ವಿಶ್ರಾಂತಿ ಕೊಡಿ ಅಂದರು. ಯಾವುದಕ್ಕೆ ಅಂತ ಬೇರೆ ಹೇಳಬೇಕಿಲ್ಲ, ಬಾಡಿಗೆ ಕಟ್ಟಬೇಕಲ್ಲ. ಆರು ವಾರ ಮುಟ್ಟಲಿಲ್ಲ. ಆಂಟಿ ಬಂದು “ಹುಷಾರಿಲ್ವಾ?” ಅಂತ ವಿಚಾರಿಸಿಕೊಂಡು ಹೋದರು.

ಹವ್ಯಾಸಿ ತಂಡಗಳು ಜಗಳದಿಂದ ಒಡೆಯೋದು ಕಡಿಮೆ. ಮದುವೆ, ಮಗು, ವರ್ಗಾವಣೆ, ಈ ಮೂರರಲ್ಲಿ ಯಾವುದೋ ಒಂದು ಬರುತ್ತೆ. ನಮಗೆ ವರ್ಗಾವಣೆ ಬಂತು. ಡಿಸೆಂಬರಿನಿಂದ ಡ್ರಮ್ಸ್‌ನವನಿಗೆ ಪುಣೆ. ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವವೇ ಐವರೂ ಕೂಡಿ ನುಡಿಸುವ ಕೊನೆಯ ಕಾರ್ಯಕ್ರಮ ಅಂತ ತೀರ್ಮಾನವಾಯ್ತು. ಅಮ್ಮನಿಗೆ ಫೋನ್ ಮಾಡಿ, “ಈ ಸಲ ನೀನು ಬರಲೇಬೇಕು” ಅಂದೆ. ಮಂಡಿನೋವು, ಮನೆ ಕಾಯೋರಿಲ್ಲ ಅಂತೆಲ್ಲ ಹೇಳಿ, ಕೊನೆಗೆ ರೈಲಿನಲ್ಲಿ ಬಂದಳು. ಜೊತೆಗೆ ನನಗೊಂದು ಮೈಸೂರು ಸಿಲ್ಕ್ ಸೀರೆ. “ಸ್ಟೇಜ್ ಮೇಲೆ ಜೀನ್ಸ್ ಹಾಕ್ಕೊಂಡು ನಿಲ್ಬೇಡ.”

ರೇಷ್ಮೆ ಸೀರೆಗೂ ಬೇಸ್ ಗಿಟಾರಿಗೂ ಇರುವ ವೈರದ ಬಗ್ಗೆ ಯಾರೂ ಬರೆದಂತಿಲ್ಲ. ಬೇಸ್‌ನ ಕತ್ತು ಭಾರ. ಭುಜದ ಪಟ್ಟಿ ಬಿಗಿಯಾಗಿ ಹಿಡಿಯದಿದ್ದರೆ ತಲೆ ನೆಲದ ಕಡೆ ವಾಲುತ್ತೆ. ನುಣುಪು ರೇಷ್ಮೆಯ ಮೇಲೆ ಪಟ್ಟಿ ನಿಲ್ಲೋದೇ ಇಲ್ಲ, ಜಾರುಬಂಡೆಯಾಡುತ್ತೆ. ಗಿಟಾರಿನವನ ಹೆಂಡತಿ ಆರು ಸೇಫ್ಟಿ ಪಿನ್ ಹಾಕಿ ಪಟ್ಟಿ, ಸೆರಗು, ರವಿಕೆ ಮೂರನ್ನೂ ಒಂದು ಮಾಡಿದರು. ಬಳೆ ಬಿಚ್ಚಿಟ್ಟೆ, ಮರಕ್ಕೆ ತಾಗಿ ಟಣ್ ಅಂತಿತ್ತು. ಈಗ ನಾನು ವಾದ್ಯವನ್ನು ತೊಟ್ಟಿದ್ದೆನೋ, ವಾದ್ಯವೇ ನನ್ನನ್ನು ಉಟ್ಟಿತ್ತೋ ಗೊತ್ತಿಲ್ಲ.

ಎರಡು ಹಾಡು ಚೆನ್ನಾಗಿ ಹೋಯ್ತು. ಮೂರನೆಯದರ ನಡುವೆ, ವೇದಿಕೆಯ ಮುಂದೆ ಕುಣೀತಿದ್ದ ಮಕ್ಕಳಲ್ಲಿ ಒಂದು ಪುಟಾಣಿ ಕನ್ನಡ ಬಾವುಟ ಹಿಡಿದು ನಮ್ಮ ನಡುವಿನಿಂದಲೇ ಓಡಿತು. ಕೇಬಲ್ ಕಾಲಿಗೆ ಸಿಕ್ಕಿತು. ನನ್ನ ಕಡೆಯ ತುದಿಯನ್ನು ಪಟ್ಟಿಯೊಳಗಿಂದ ಸುತ್ತಿ ತಂದಿದ್ದರಿಂದ ಅದು ಅಲ್ಲಾಡಲಿಲ್ಲ. ಆಂಪ್ ಕಡೆಯದು ಪಟ್ ಅಂತ ಮುರಿಯಿತು, ಪ್ಲಗ್ಗಿನ ತುದಿ ಆಂಪಿನ ತೂತಿನೊಳಗೇ ಉಳಿದುಬಿಟ್ಟಿತು. ಬೇರೆ ಕೇಬಲ್ ನನ್ನ ಚೀಲದಲ್ಲಿತ್ತು, ಆದರೆ ಚುಚ್ಚೋದು ಎಲ್ಲಿಗೆ? ಮಗು ಬಿದ್ದಿರಲಿಲ್ಲ, ಬಾವುಟವೂ ಬಿದ್ದಿರಲಿಲ್ಲ. ಹಾಡು ನಿಂತಿರಲಿಲ್ಲ. ನಮ್ಮ ಗಾಯಕ ಕಣ್ಣು ಮುಚ್ಚಿ ಹಾಡ್ತಾನೇ ಇದ್ದ. ಡ್ರಮ್ಸ್‌ನವನೊಬ್ಬ ತಿರುಗಿ ನೋಡಿದ, ಹುಬ್ಬು ಏರಿಸಿದ. ಉಳಿದ ಒಂದೂವರೆ ಹಾಡನ್ನು ನಾನು ಸದ್ದಿಲ್ಲದೆ ನುಡಿಸಿದೆ, ಒಂದು ಸ್ವರವನ್ನೂ ಬಿಡದೆ. ಅವನು ನನ್ನ ಬೆರಳು ನೋಡಿಕೊಂಡೇ ಬಾರಿಸಿದ. ನಾವಿಬ್ಬರೂ ಜೊತೆಯಾಗಿ ನುಡಿಸಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. ಚಪ್ಪಾಳೆ ಜೋರಾಗೇ ಬಂತು, ಕಮಿಟಿಯವರು ಹಾರ ಹಾಕಿದರು.

ರಾತ್ರಿ ಪಿನ್ ಬಿಚ್ಚಿಸಿಕೊಳ್ತಾ ಅಮ್ಮನನ್ನು ಕೇಳಿದೆ, ಹೇಗಿತ್ತು ಅಂತ.

“ಚೆನ್ನಾಗಿತ್ತು. ಮಧ್ಯದಲ್ಲಿ ಯಾಕೆ ಹಾಗಾಯ್ತು?”

“ಹಾಗೆ ಅಂದ್ರೆ?”

“ಹಾಡು ನೀರಾಯ್ತಲ್ಲೇ. ಬೇಳೆ ತೆಗೆದಿಟ್ಟು ಸಾರು ಕುದಿಸಿದ ಹಾಗೆ. ಮೊದಲೆರಡು ಹಾಡಲ್ಲಿ ಕುರ್ಚಿ ಅದುರ್ತಿತ್ತು, ಆಮೇಲೆ ಕುರ್ಚಿ ಸುಮ್ನಾಯ್ತು.” ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ಕುರ್ಚಿಲಿದ್ದದ್ದು ನೀನಾ?”

ನಾನೇ ಅಂದೆ. ಸೀರೆ ಮಡಿಸ್ತಾ, ರೇಷ್ಮೆಯಲ್ಲಾದ ಹನ್ನೆರಡು ತೂತು ಎಣಿಸಿ ಬೈದಳು.

ಡ್ರಮ್ಸ್‌ನವನು ಪುಣೆಗೆ ಹೋದ. ಹೊಸಬರನ್ನು ಹುಡುಕ್ತಿದ್ದೇವೆ, ಇಬ್ಬರು ಬಂದು ನೋಡಿಕೊಂಡು ಹೋಗಿದ್ದಾರೆ. ಅಷ್ಟರಲ್ಲಿ ಆಂಪನ್ನು ಎಸ್.ಪಿ. ರಸ್ತೆಗೆ ಒಯ್ದೆ. ಅಲ್ಲಿಯ ಸಂದಿಯೊಂದರಲ್ಲಿ ವಯಸ್ಸಾದ ರಿಪೇರಿಯವರು ಹಿಂದಿನ ಮುಚ್ಚಳ ಬಿಚ್ಚಿ, ಚಿಮಟದಲ್ಲಿ ಆ ತುದಿಯನ್ನು ಹಲ್ಲು ಕಿತ್ತ ಹಾಗೆ ಕಿತ್ತು ನನ್ನ ಅಂಗೈಗೆ ಹಾಕಿದರು. ನುಡಿಸಿ ನೋಡಿ ಅಂದರು. ದಪ್ಪ ತಂತಿಯನ್ನು ಮೀಟಿದೆ. ಅವರ ಮೇಜಿನ ಮೇಲೆ ಡಬ್ಬಿಗಳಲ್ಲಿದ್ದ ಸ್ಕ್ರೂಗಳೆಲ್ಲ ಒಟ್ಟಿಗೆ ಗಿಲಗಿಲ ಅಂದವು.

ಅವರು ಕಿವಿಯನ್ನು ಆಂಪಿಗೆ ಹತ್ತಿರ ತಂದು ಹಣೆ ಸುಕ್ಕು ಮಾಡಿದರು. “ಏನಮ್ಮಾ, ಇನ್ನೂ ಬರೀ ಗುಂಯ್ ಅಂತಿದೆ. ಇನ್ನೊಂದು ಸಲ ಬಿಚ್ಲಾ?”