ಬೀಡಿಯ ಹೊಗೆ, ಕ್ಷಯದ ಕೆಮ್ಮು

ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವರು ಕೊನೆಯುಸಿರೆಳೆಯುವುದು ಮನೆಯಲ್ಲೇ. ಸಾವಿಗೆ ಕಾರಣ ಏನೆಂದು ಬರೆದುಕೊಡಲು ವೈದ್ಯರು ಹತ್ತಿರ ಇರುವುದಿಲ್ಲ. ‘ಜ್ವರ ಬಿಡಲಿಲ್ಲ’, ‘ದಮ್ಮು ಜಾಸ್ತಿಯಾಯಿತು’, ‘ಕೆಮ್ಮಿ ಕೆಮ್ಮಿ ಸೊರಗಿಹೋದರು’ ಎಂದು ಮನೆಯವರು ಹೇಳುವ ಮಾತಷ್ಟೇ ಉಳಿಯುತ್ತದೆ. ಈ ಮಾತುಗಳನ್ನೇ ಶಿಸ್ತಾಗಿ ಬರೆದುಕೊಂಡು ದೇಶದ ಸಾವುಗಳ ಕಾರಣ ಹುಡುಕಲು ಹೊರಟವರು ಡಾ. ಪ್ರಭಾತ್ ಝಾ.

ಕೆನಡಾದಲ್ಲಿ ವೈದ್ಯಕೀಯ ಓದಿ, ಆಕ್ಸ್‌ಫರ್ಡ್‌ನಲ್ಲಿ ಸಂಶೋಧನೆ ಮಾಡಿದ ಝಾ ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯ ಜೊತೆ ಸೇರಿ ಅವರು ನಡೆಸಿದ್ದು ‘ಮಿಲಿಯನ್ ಡೆತ್ ಸ್ಟಡಿ’. ತರಬೇತಿ ಪಡೆದ ಸಿಬ್ಬಂದಿ ಸಾವಾದ ಮನೆಗೆ ಹೋಗಿ, ಕೊನೆಯ ದಿನಗಳಲ್ಲಿ ಏನೇನಾಯಿತೆಂದು ಕೇಳಿ ಬರೆದುಕೊಳ್ಳುತ್ತಾರೆ. ಆ ಬರಹವನ್ನು ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದಂತೆ ಓದಿ ಕಾರಣ ಗುರುತಿಸುತ್ತಾರೆ.

ಈ ಲೆಕ್ಕ ಹಲವರ ನಿದ್ದೆಗೆಡಿಸಿತು. ಭಾರತದಲ್ಲಿ ಮಲೇರಿಯಾದಿಂದ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. 2010ರಲ್ಲಿ ಝಾ ತಂಡ ಪ್ರಕಟಿಸಿದ ಅಂದಾಜು 2 ಲಕ್ಷಕ್ಕೂ ಹೆಚ್ಚು. ಜ್ವರಗಳೆಲ್ಲ ಮಲೇರಿಯಾ ಅಲ್ಲ ಎಂದು ಸಂಸ್ಥೆ ತಕರಾರು ತೆಗೆಯಿತು. ವಾದ ವರ್ಷಗಟ್ಟಲೆ ನಡೆಯಿತು.

ಎಚ್‌ಐವಿ ವಿಷಯದಲ್ಲಿ ಮಾತ್ರ ಲೆಕ್ಕ ಸಮಾಧಾನ ತಂದಿತು. ಕರ್ನಾಟಕ, ತಮಿಳುನಾಡು, ಆಂಧ್ರಪ್ರದೇಶ, ಮಹಾರಾಷ್ಟ್ರಗಳಲ್ಲಿ ಬಸುರಿಯರ ತಪಾಸಣೆಗೆ ಬಂದ 15ರಿಂದ 24 ವಯಸ್ಸಿನವರಲ್ಲಿ ಸೋಂಕು 2000ದಲ್ಲಿ ಶೇ 1.7 ಇದ್ದದ್ದು 2004ಕ್ಕೆ ಶೇ 1.1ಕ್ಕೆ ಇಳಿದಿತ್ತು. ಲೈಂಗಿಕ ವೃತ್ತಿಯ ವಲಯದಲ್ಲಿ ಕಾಂಡೋಮ್ ಬಳಕೆ ಹೆಚ್ಚಿದ್ದು ಇದಕ್ಕೆ ಮುಖ್ಯ ಕಾರಣವಿರಬೇಕೆಂದು 2006ರ ಅಧ್ಯಯನ ಹೇಳಿತು. ಝಾ ಅದರ ಲೇಖಕರಲ್ಲೊಬ್ಬರು.

ಸೋಂಕುರೋಗದ ಈ ಸಂಶೋಧಕ ಬೀಡಿ, ಸಿಗರೇಟಿನ ಬೆನ್ನು ಹತ್ತಿದ್ದು ಏಕೆ?

ಇದಕ್ಕೆ ಉತ್ತರ ಸಿಕ್ಕಿದ್ದು ಚೆನ್ನೈಯಲ್ಲಿ. ಅಲ್ಲಿನ ಡಾ. ಗಜಲಕ್ಷ್ಮಿ, ಆಕ್ಸ್‌ಫರ್ಡ್‌ನ ರಿಚರ್ಡ್ ಪೀಟೊ, ಝಾ ಮತ್ತು ಸಂಗಡಿಗರು ತಮಿಳುನಾಡಿನಲ್ಲಿ ತೀರಿಕೊಂಡ 43,000 ಗಂಡಸರನ್ನು ಬದುಕಿರುವ 35,000 ಗಂಡಸರೊಡನೆ ಹೋಲಿಸಿ ನೋಡಿದರು. 2003ರಲ್ಲಿ ಬಂದ ಫಲಿತಾಂಶದ ಪ್ರಕಾರ, ಕ್ಷಯದಿಂದ ಸಾಯುವ ಸಂಭವ ಸೇದದವರಿಗಿಂತ ಸೇದುವವರಲ್ಲಿ ನಾಲ್ಕು ಪಟ್ಟು. ಅಮೆರಿಕ, ಯುರೋಪುಗಳಲ್ಲಿ ಹೊಗೆ ಎಂದರೆ ಶ್ವಾಸಕೋಶದ ಕ್ಯಾನ್ಸರ್, ಹೃದಯಾಘಾತ. ಇಲ್ಲಿ ಅದು ಕ್ಷಯದ ಕೈಹಿಡಿದು ಬರುತ್ತಿತ್ತು.

ಕ್ಷಯದ ರೋಗಾಣು ಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲ. ಬಹಳ ಜನರಲ್ಲಿ ಅದು ಸದ್ದಿಲ್ಲದೆ ಕುಳಿತಿರುತ್ತದೆ. ಮೈಯ ಕಾವಲು ಅದನ್ನು ಅದುಮಿಟ್ಟಿರುತ್ತದೆ. ಹೊಗೆ ಶ್ವಾಸನಾಳದಲ್ಲಿ ಕಸ ಹೊರದಬ್ಬುವ ಸೂಕ್ಷ್ಮ ಕೂದಲುಗಳನ್ನು ಹಾಳುಮಾಡುತ್ತದೆ, ರೋಗಾಣುವನ್ನು ನುಂಗುವ ಕಣಗಳನ್ನೂ ದುರ್ಬಲಗೊಳಿಸುತ್ತದೆ. ಆಗ ಅಡಗಿದ್ದ ಸೋಂಕು ಕೆರಳುತ್ತದೆ. ಹಾಗೆ ರೋಗಿಯಾದವನು ಕೆಮ್ಮಿದಾಗ, ಒಮ್ಮೆಯೂ ಬೀಡಿ ಮುಟ್ಟದ ಮನೆಮಂದಿಗೂ ಅಪಾಯ.

ಹೊಗೆಗೂ ಸಾವಿಗೂ ಇರುವ ಈ ನಂಟನ್ನು ಇಡೀ ದೇಶದ ಮಟ್ಟದಲ್ಲಿ ಪರೀಕ್ಷಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. 11 ಲಕ್ಷ ಮನೆಗಳ ಸಮೀಕ್ಷೆಯಲ್ಲಿ 74,000 ಸಾವುಗಳ ವಿವರ ಸಿಕ್ಕಿತು. 2010ರ ದಶಕದಲ್ಲಿ ಧೂಮಪಾನ ವರ್ಷಕ್ಕೆ ಸುಮಾರು 10 ಲಕ್ಷ ಭಾರತೀಯರನ್ನು ಕೊಲ್ಲಲಿದೆ ಎಂದು ಝಾ ನೇತೃತ್ವದ ತಂಡ ಲೆಕ್ಕಹಾಕಿತು. ಸಿಗರೇಟು ಸೇದುವ ಗಂಡಸರ ಆಯುಷ್ಯದಲ್ಲಿ ಸುಮಾರು 10 ವರ್ಷ, ಬೀಡಿ ಸೇದುವವರದ್ದರಲ್ಲಿ 6 ವರ್ಷ ಖೋತಾ. ‘ದಿನಕ್ಕೆ ನಾಲ್ಕೇ ಬೀಡಿ, ಏನಾಗುತ್ತೆ’ ಎನ್ನುವವರಿಗೂ ಅಲ್ಲಿ ಉತ್ತರವಿತ್ತು: ದಿನಕ್ಕೆ 1ರಿಂದ 7 ಬೀಡಿ ಸೇದಿದರೂ ಸಾವಿನ ಅಪಾಯ ಸುಮಾರು ಕಾಲು ಭಾಗ ಹೆಚ್ಚುತ್ತದೆ.

ಹೀಗೆ ಸತ್ತವರಲ್ಲಿ ಅರ್ಧಕ್ಕೂ ಹೆಚ್ಚು ಜನ ಓದುಬರಹ ಬಾರದವರು. ಹಾಗಾಗಿ ಅಕ್ಷರದ ಎಚ್ಚರಿಕೆ ಸಾಲದು. ಚಿತ್ರ ಬೇಕು, ಬೆಲೆಯೂ ಏರಬೇಕು. 1999ರಲ್ಲಿ ವಿಶ್ವಬ್ಯಾಂಕಿಗಾಗಿ ಸಿದ್ಧಪಡಿಸಿದ ವರದಿಯಲ್ಲೇ ಝಾ ಮತ್ತು ಸಂಗಡಿಗರು ಇದನ್ನು ಹೇಳಿದ್ದರು: ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಬೆಲೆ ಶೇ 10 ಏರಿದರೆ ಬಳಕೆ ಸುಮಾರು ಶೇ 8 ಇಳಿಯುತ್ತದೆ.

ಹೇಳಿದಷ್ಟು ಸುಲಭವಲ್ಲ ಇದು. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ಕಂಪನಿಯ ಬ್ರಾಂಚಿಗೆ ಕೊಟ್ಟು ಸಂಸಾರ ತೂಗಿಸುವ ಹೆಂಗಸರಿದ್ದಾರೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪೇ ಬೆಳೆ. ಪೊಟ್ಟಣದ ಶೇ 85 ಭಾಗವನ್ನು ಆವರಿಸುವ ಎಚ್ಚರಿಕೆ ಚಿತ್ರದ ನಿಯಮವನ್ನು 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಮಾಡಿತ್ತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, ಚಿತ್ರ ಉಳಿಯಿತು.

ಬಿಟ್ಟರೆ ಲಾಭವಿದೆಯೇ? 2013ರಲ್ಲಿ ಅಮೆರಿಕದ ಅಂಕಿಅಂಶಗಳನ್ನು ಆಧರಿಸಿ ಝಾ ತಂಡ ತೋರಿಸಿದಂತೆ, 40 ತುಂಬುವ ಮೊದಲೇ ಬಿಟ್ಟವರು ಸೇದುತ್ತಲೇ ಇರುವುದರಿಂದ ಬರುವ ಸಾವಿನ ಅಪಾಯದಲ್ಲಿ ಸುಮಾರು ಶೇ 90ರಷ್ಟನ್ನು ತಪ್ಪಿಸಿಕೊಳ್ಳುತ್ತಾರೆ. ನಮ್ಮಲ್ಲಿ ಬಿಡುವವರೇ ಕಡಿಮೆ, ಅವರಲ್ಲೂ ಹಲವರು ಬಿಡುವುದು ಕಾಯಿಲೆ ಬಿದ್ದ ಮೇಲೆ. ಬಿಡಲು ನೆರವು ನೀಡುವ ಉಚಿತ ಸಹಾಯವಾಣಿ 1800-11-2356 ಈಗ ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ. ಕನ್ನಡದಲ್ಲಿ ಮಾತನಾಡಬೇಕೆಂದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಆಪ್ತಸಮಾಲೋಚಕರು ಸಿಗುತ್ತಾರೆ.