ಸ್ತನಾರ್ಬುದದ ಕಿರಣಚಿಕಿತ್ಸೆಯೂ ಹೃದಯಾಪಾಯದ ವಿಚಾರವೂ

ಸುಶ್ರುತಸಂಹಿತೆಯಲ್ಲಿ ದೊಡ್ಡದಾಗಿ ಬೆಳೆಯುವ ಮಾಂಸದ ಗಂಟಿಗೆ ಅರ್ಬುದವೆಂದು ಹೆಸರು. ಈಗಿನ ಕ್ಯಾನ್ಸರ್ ರೋಗವನ್ನೂ ಕನ್ನಡದಲ್ಲಿ ಅದೇ ಪದದಿಂದ ಹೇಳುವುದುಂಟು. ಸ್ತನದ ಅರ್ಬುದವನ್ನು ಶಸ್ತ್ರದಿಂದ ತೆಗೆದ ಮೇಲೆ, ಉಳಿದಿರಬಹುದಾದ ಸೂಕ್ಷ್ಮಶೇಷವನ್ನು ನಾಶಗೊಳಿಸಲು ಕಿರಣಚಿಕಿತ್ಸೆಯನ್ನು ಮಾಡುವರು. ಹೃದಯವು ಎದೆಯ ಎಡಭಾಗಕ್ಕೆ ಸಮೀಪವಾಗಿರುವುದರಿಂದ, ಎಡಸ್ತನದ ಚಿಕಿತ್ಸೆಯಲ್ಲಿ ಕಿರಣದ ಒಂದಂಶವು ಅದಕ್ಕೂ ತಗಲುವುದು. ಒಂದು ರೋಗವನ್ನು ಕಳೆಯಹೋಗಿ ಮತ್ತೊಂದನ್ನು ತಂದುಕೊಂಡಂತಾಗದೇ ಎಂಬ ಶಂಕೆಯು ಇಲ್ಲಿ ಸಹಜವಾದುದು.

ಶಂಕೆಯು ನಿರ್ಮೂಲವಾದುದಲ್ಲ. ಸ್ವೀಡನ್, ಡೆನ್ಮಾರ್ಕ್ ದೇಶಗಳಲ್ಲಿ 1958ರಿಂದ 2001ರ ವರೆಗೆ ಈ ಚಿಕಿತ್ಸೆಯನ್ನು ಪಡೆದ 2,168 ಸ್ತ್ರೀಯರ ವೃತ್ತಾಂತವನ್ನು ಸಾರಾ ಡಾರ್ಬಿ ಮೊದಲಾದವರು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಶರೀರವು ಹೀರಿದ ಕಿರಣಶಕ್ತಿಯನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಹೃದಯಕ್ಕೆ ತಗಲಿದ ಸರಾಸರಿ ಕಿರಣವು ಒಂದೊಂದು ಗ್ರೇ ಹೆಚ್ಚಿದಂತೆ ಹೃದಯಾಘಾತಾದಿಗಳ ಸಂಭವವು ಶೇಕಡಾ 7.4ರಂತೆ ಏರುವುದೆಂದೂ, ಆ ಏರಿಕೆಯು ಮೊದಲ ಐದು ವರ್ಷಗಳಲ್ಲಿಯೇ ತೊಡಗಿ ಇಪ್ಪತ್ತು ವರ್ಷಗಳಾಚೆಗೂ ಇರುವುದೆಂದೂ ಅವರು ಕಂಡರು.

ಆದರೆ ಶೇಕಡಾ 7.4 ಎಂದೊಡನೆ ನೂರು ಮಂದಿಯಲ್ಲಿ ಏಳು ಮಂದಿಗೆ ರೋಗ ಬರುವುದೆಂದು ಗ್ರಹಿಸುವುದು ಭ್ರಾಂತಿ. ಅದು ಮೊದಲೇ ಇದ್ದ ಅಪಾಯದ ಮೇಲಣ ಬಡ್ಡಿಯಂತೆ. ಅಸಲು ಅಲ್ಪವಾದಲ್ಲಿ ಬಡ್ಡಿಯೂ ಅಲ್ಪ. ಅದೇ ಶೋಧಕರ ಗಣನೆಯಂತೆ, ಹೃದ್ರೋಗದ ಪೂರ್ವಕಾರಣಗಳಿಲ್ಲದ ಐವತ್ತು ವರ್ಷದ ಸ್ತ್ರೀಯ ಹೃದಯಕ್ಕೆ 3 ಗ್ರೇ ತಗಲಿದರೆ, ಎಂಬತ್ತು ತುಂಬುವುದರೊಳಗೆ ಹೃದಯದ ರಕ್ತನಾಳದ ರೋಗದಿಂದ ಆಕೆಗೆ ಮರಣವುಂಟಾಗುವ ಸಂಭವವು ಶೇಕಡಾ 1.9ರಿಂದ 2.4ಕ್ಕೆ ಏರುವುದು, ಅಂತಹ ಕಾರಣಗಳಿದ್ದವಳಿಗೆ 3.4ರಿಂದ 4.1ಕ್ಕೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಚಿಕಿತ್ಸೆಯ ಲಾಭವಿರುವುದು. ಸ್ತನವನ್ನು ಉಳಿಸಿ ಶಸ್ತ್ರಕ್ರಿಯೆ ಮಾಡಿಸಿಕೊಂಡ 10,801 ಸ್ತ್ರೀಯರನ್ನೊಳಗೊಂಡ 17 ಪ್ರಯೋಗಗಳ ಒಟ್ಟು ಫಲವು 2011ರಲ್ಲಿ ಪ್ರಕಟವಾಯಿತು. ಹದಿನೈದು ವರ್ಷಗಳಲ್ಲಿ ಸ್ತನಾರ್ಬುದದಿಂದಾದ ಮರಣವು ಕಿರಣಚಿಕಿತ್ಸೆಯಿಲ್ಲದವರಲ್ಲಿ ಶೇಕಡಾ 25.2, ಪಡೆದವರಲ್ಲಿ 21.4. ಆದರೆ ಇದು ಸರಾಸರಿ. ರೋಗವು ಮರುಕಳಿಸುವ ಸಂಭವವೇ ಅಲ್ಪವಾಗಿರುವವಳಿಗೆ ಲಾಭವೂ ಅಲ್ಪ.

ಅಪಾಯವನ್ನು ಕುಗ್ಗಿಸುವ ಉಪಾಯಗಳೂ ಇವೆ. ಉಸಿರನ್ನು ಆಳವಾಗಿ ಎಳೆದು ಹಿಡಿದಾಗ ಶ್ವಾಸಕೋಶವು ಉಬ್ಬಿ ಹೃದಯವು ಎದೆಗೋಡೆಯಿಂದ ದೂರ ಸರಿಯುವುದು; ಆ ಕ್ಷಣದಲ್ಲಿ ಕಿರಣವನ್ನು ಬಿಡುವ ಕ್ರಮವು ಈಗ ಬಳಕೆಯಲ್ಲಿದೆ. ಧೂಮಪಾನವನ್ನು ಬಿಡುವುದೂ ರಕ್ತದ ಒತ್ತಡವನ್ನು ಹತೋಟಿಯಲ್ಲಿಡುವುದೂ ಅಸಲನ್ನೇ ತಗ್ಗಿಸುವುವು.

ಆದುದರಿಂದ ರೋಗಿಯು ವೈದ್ಯನನ್ನು ಕೇಳತಕ್ಕ ಪ್ರಶ್ನೆಗಳು ಮೂರು: ಹೃದಯಕ್ಕೆ ತಗಲುವ ಕಿರಣವೆಷ್ಟು, ತನ್ನ ಹೃದಯದ ಈಗಿನ ಸ್ಥಿತಿಯೇನು, ತನಗಾಗುವ ಲಾಭವೆಷ್ಟು. ಅಪಾಯದ ಹೆಸರನ್ನು ಕೇಳಿದ ಮಾತ್ರಕ್ಕೆ ಚಿಕಿತ್ಸೆಯನ್ನು ತೊರೆಯುವುದೂ, ಲಾಭವನ್ನೇ ನಂಬಿ ಅಪಾಯವನ್ನು ಎಣಿಸದಿರುವುದೂ ಸಮಾನವಾಗಿ ಅವಿಚಾರವೇ ಸರಿ.