ಸಾರ್ವಜನಿಕ ಗ್ರಂಥಾಲಯವೂ ತಾಂಡಗಳ ಚರಿತ್ರೆಯೂ

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದನೆಂಬುದು ಶಾಸನಗಳಿಂದ ವಿದಿತವಾಗಿದೆ. ಈ ಪ್ರಾಂತದ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟದಲ್ಲಿ ಪ್ರಕಟಿಸಿದರು, ಆಗ ದಾವಣಗೆರೆ, ಹರಿಹರಗಳೆರಡೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದುವು. ದಾನವಿತ್ತವರ ಮತ್ತು ಪಡೆದವರ ಚರಿತ್ರೆಯು ಹೀಗೆ ಶಿಲೆಯಿಂದ ಪುಸ್ತಕಕ್ಕೆ ಬಂದಿತು. ಶಾಸನವನ್ನು ಕೆತ್ತಿಸದೆ ಹಾಡು ಕಥೆಗಳಲ್ಲಿಯೇ ತಮ್ಮ ಪೂರ್ವವೃತ್ತಾಂತವನ್ನು ಉಳಿಸಿಕೊಂಡು ಬಂದ ಜನರಿಗೆ ಗ್ರಂಥಾಲಯದಲ್ಲಿ ಯಾವ ಸ್ಥಾನವಿರಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ.

ಅಂತಹ ಜನರು ಈ ಜಿಲ್ಲೆಯಲ್ಲಿಯೇ ಇದ್ದಾರೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಲಂಬಾಣಿಗರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜಿಸುತ್ತಾರೆ. ಎತ್ತುಗಳ ಮೇಲೆ ದವಸವನ್ನೂ ಉಪ್ಪನ್ನೂ ಹೇರಿಕೊಂಡು ದೇಶಸಂಚಾರ ಮಾಡುತ್ತಿದ್ದ ಇವರ ವ್ಯಾಪಾರವು 19ನೆಯ ಶತಮಾನದಲ್ಲಿ ರಸ್ತೆ ರೈಲುಗಳು ಬಂದಂತೆ ಕ್ಷೀಣಿಸಿತು. ಚನ್ನಗಿರಿ ತಾಲ್ಲೂಕಿನಲ್ಲಿ ಹಕ್ಕಿಪಿಕ್ಕಿ ಜನರು ನೆಲೆಸಿದ್ದಾರೆ. ಲಂಬಾಣಿಗರ ಗೋರ್ ಬೋಲಿಗಾಗಲಿ ಇವರ ವಾಗ್ರಿಗಾಗಲಿ ಪರಂಪರಾಗತವಾದ ಲಿಪಿಯಿಲ್ಲ.

ಬ್ರಿಟಿಷ್ ಸರ್ಕಾರವು 1871ರಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಅನೇಕ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿತು. 1952ರಲ್ಲಿ ಕಾಯಿದೆಯು ರದ್ದಾಯಿತು. ಅದರ ಕಾಲದ ಗ್ರಂಥಗಳು ಮಾತ್ರ ಪರಾಮರ್ಶನಕ್ಕೆ ಉಳಿದುವು. ಥರ್ಸ್ಟನ್ನರು 1909ರಲ್ಲಿ 7 ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿಗಳ ಗ್ರಂಥವೂ, ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟುಗಳ ಸಂಪುಟಗಳೂ ಸಾಮಗ್ರಿಯಿಂದ ಸಮೃದ್ಧವಾದುವು. ಆದರೆ ಅವುಗಳಲ್ಲಿ ವರ್ಣಿಸಿದವರು ಒಬ್ಬರು, ವರ್ಣಿತರಾದವರು ಬೇರೊಬ್ಬರು. ತಾಂಡದ ವಿದ್ಯಾರ್ಥಿಯು ತನ್ನ ಹಿರಿಯರನ್ನು ಕುರಿತು ತಿಳಿಯಲು ಹೊರಟಾಗ ಅನ್ಯರ ಮಾತು ಮಾತ್ರವೇ ದೊರೆಯುವುದಾದರೆ ಅದು ಅರ್ಧಚರಿತ್ರೆಯೇ ಸರಿ.

ಇದಕ್ಕೆ ಪರಿಹಾರವೆಂದು ಹಳೆಯ ಗ್ರಂಥಗಳನ್ನು ತೆಗೆದುಹಾಕುವುದು ಯುಕ್ತವಲ್ಲ. ಅವು ರಚಿತವಾದ ಕಾಲ, ಉದ್ದೇಶಗಳನ್ನು ತಿಳಿಸುವ ಪೀಠಿಕಾಪತ್ರವನ್ನು ಗ್ರಂಥದೊಡನೆ ಇರಿಸುವುದು, ಸಮುದಾಯದವರೇ ಬರೆದ ಕೃತಿಗಳನ್ನು ಅದೇ ಕಪಾಟಿನಲ್ಲಿ ಜೋಡಿಸುವುದು ಮೊದಲನೆಯ ಕಾರ್ಯ. ಲಕ್ಷ್ಮಣ ಗಾಯಕವಾಡರ ಮರಾಠಿ ಆತ್ಮಕಥೆ ‘ಉಚಲ್ಯಾ’ 1988ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದುದು ಇಂತಹ ಬರಹದ ಸತ್ತ್ವಕ್ಕೆ ನಿದರ್ಶನ. ಎರಡನೆಯದು, ತಾಂಡದ ಹಿರಿಯರ ಹಾಡು ಕಥೆಗಳನ್ನು ಅವರ ಅನುಮತಿಯಿಂದ ಧ್ವನಿಮುದ್ರಿಸಿ, ಕನ್ನಡ ಲಿಪಿಯಲ್ಲಿ ಬರೆದು, ಹಾಡಿದವರ ಹೆಸರನ್ನು ನಮೂದಿಸಿ, ಒಂದು ಪ್ರತಿಯನ್ನು ತಾಂಡಕ್ಕೇ ಒಪ್ಪಿಸುವುದು. ಮೂರನೆಯದು, ಊರಿನವರೂ ತಾಂಡದವರೂ ಕಲೆತು ಕೇಳುವ ವಾಚನಗೋಷ್ಠಿ.

ಕೆನಡಾ ದೇಶದ ಸತ್ಯ ಮತ್ತು ಸಮಾಧಾನ ಆಯೋಗವು 2015ರಲ್ಲಿ ಮೂಲನಿವಾಸಿಗಳ ವಿಷಯವಾಗಿ ಕೊಟ್ಟ 94 ಸೂಚನೆಗಳಲ್ಲಿ ರಾಷ್ಟ್ರೀಯ ಗ್ರಂಥಾಲಯದ ಹೊಣೆಯನ್ನೂ ಹೇಳಿದೆ. ನಮ್ಮಲ್ಲಿ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಗ್ರಂಥಾಲಯ ವ್ಯವಸ್ಥೆಗೆ ಅಡಿಪಾಯವನ್ನು ಹಾಕಿದೆ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ತಾಂಡಗಳಿಗೆ ಸಮೀಪದಲ್ಲಿರುವುವು. ಸಾಹಿತ್ಯದ ಉಪಾಧ್ಯಾಯರು ಶಾಸನಪಾಠದೊಡನೆ ಈ ಮೌಖಿಕ ಪಾಠವನ್ನೂ ಬೋಧಿಸಲು ಮುಂದಾದರೆ, ಗ್ರಂಥಾಲಯವು ಅದಕ್ಕೆ ಬೇಕಾದ ಸಾಮಗ್ರಿಯನ್ನು ಸಿದ್ಧಪಡಿಸಬಲ್ಲುದು. ಹಿರಿಯರು ಬದುಕಿರುವಾಗಲೇ ಈ ಕಾರ್ಯವು ನಡೆಯತಕ್ಕುದು.